ಗಯೆಯಲ್ಲಿ ಬಿಟ್ಟ ಹಾಗಲಕಾಯಿ

ಇವತ್ತು ಬೆಳಿಗ್ಗೆ ನನ್ನ ಸೊಸೆ ಮಾಲತಿ ಹಾಗಲಕಾಯಿ ರಸದ ಲೋಟವನ್ನು ನನ್ನ ಮುಂದಿಟ್ಟು, ಒಂದೇ ಒಂದು ಮಾತೂ ಆಡದೆ ತನ್ನ ಕೋಣೆಗೆ ಹೋಗಿಬಿಟ್ಟಳು. ಇದರಲ್ಲಿ ಗಾಬರಿಪಡುವಂಥದ್ದೇನಿದೆ ಎಂದು ನೀವು ಕೇಳಬಹುದು. ನೀವು ನಮ್ಮ ಮದರಾಸಿನ ವೇಲಚೇರಿಯ ಫ್ಲ್ಯಾಟಿನಲ್ಲಿ ಇದ್ದವರಲ್ಲ, ಅದಕ್ಕೇ ಕೇಳುತ್ತೀರಿ. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನದಿಂದ ಆ ಲೋಟ ಮಾತಿಲ್ಲದೆ ಬಂದದ್ದೇ ಇಲ್ಲ. "ಅತ್ತೆ, ಮೂಗು ಹಿಡ್ಕೊಂಡು ಒಂದೇ ಗುಟುಕಿಗೆ ಕುಡಿದ್ಬಿಡಿ." "ಅತ್ತೆ, ಮಗು ಥರ ಹಠ ಹಿಡ್ದು ಅಡಂ ಮಾಡ್ಬೇಡಿ." ನಾನೋ, ಅವಳು ಅತ್ತ ತಿರುಗಿದೊಡನೆ ಲೋಟವನ್ನು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಬಗ್ಗಿಸಿ, ಬಾಯಿ ಒರೆಸಿಕೊಂಡು, "ಅಬ್ಬಾ, ಏನು ಕಹಿಯೇ ತಾಯಿ!" ಎಂದು ಮುಖ ಕಿವುಚುತ್ತ ಬಂದು ಕೂರುವವಳು. ನಿನ್ನೆ ಲೋಟ ಕುಂಡದ ಮೇಲೆ ಬಗ್ಗಿರುವಾಗಲೇ ಸಿಕ್ಕಿಬಿದ್ದೆ. ಅವಳು ನೋಡಿದಳು. ಬೈಯಲಿಲ್ಲ. ಊಟದ ಹೊತ್ತಿಗಾದರೂ ಬೈಯುತ್ತಾಳೆಂದು ಕಾದೆ, ಆಗಲೂ ಬೈಯಲಿಲ್ಲ. ಇವತ್ತಂತೂ ಮಾತೇ ಇಲ್ಲ.

ಎದುರಿಗೆ ಹಸಿರು ಲೋಟ, ಮೂಗಿಗೆ ಹಾಗಲಕಾಯಿಯ ಹಸಿ ವಾಸನೆ, ಮನೆಯಲ್ಲಿ ಈ ಮೌನ. ಇಷ್ಟಾದ ಮೇಲೆ ನನಗೆ ನಮ್ಮ ದೊಡ್ಡಪ್ಪ ನೆನಪಾಗದಿದ್ದರೆ ನಾನು ಅವರ ಮನೆಯ ಅನ್ನ ತಿಂದದ್ದೇ ಸುಳ್ಳು.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮದರಾಸಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನನಗೆ ಭೂಗೋಳ ಕಲಿಸುವ ಕೆಲಸ ಸಿಕ್ಕಿತು. ನನ್ನ ಟ್ರಂಕು ಸೀದಾ ತಿರುವಲ್ಲಿಕೇಣಿಯ ಅವರ ಮನೆಯಲ್ಲಿ ಇಳಿಯಿತು. ಮೂರು ತಲೆಮಾರಿನಿಂದ ಅಲ್ಲೇ ಬೇರು ಬಿಟ್ಟಿದ್ದ ವೈಷ್ಣವರ ಮನೆ. ಹೊಸಲಿನ ಒಳಗೆ ಕನ್ನಡ, ಹೊಸಲಿನ ಆಚೆ ತಮಿಳು, ಕೋಪ ಬಂದರೆ ಎರಡೂ. ದೊಡ್ಡಪ್ಪ ಹೈಕೋರ್ಟಿನ ಹತ್ತಿರ ಒಬ್ಬ ವಕೀಲರ ಆಫೀಸಿನಲ್ಲಿ ಹೆಡ್ ಗುಮಾಸ್ತರು. ವಾದ ಮಾಡುವುದು ವಕೀಲರೇ ಆದರೂ, ಕಾನೂನಿನಲ್ಲಿ ಎಲ್ಲೆಲ್ಲಿ ಕಿಂಡಿ ಇದೆ ಎಂದು ತೋರಿಸಿಕೊಡುವವರು ಇವರೇ ಎಂದು ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು. ಎದುರಾಳಿ ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರುವವರು. ಕಿಂಡಿ ಹುಡುಕುವ ಆ ಚಟ ಕೋರ್ಟಿನಲ್ಲೇ ಉಳಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಅದು ಅವರ ಜೊತೆ ಬಸ್ಸು ಹತ್ತಿ ಸಂಜೆ ಮನೆಗೂ ಬರುತ್ತಿತ್ತು.

ಗಯೆಗೆ ಹೋಗಿಬಂದವರು ನಿಮ್ಮ ಮನೆಯಲ್ಲಿದ್ದರೆ ನಿಮಗೆ ಈ ಪದ್ಧತಿ ಗೊತ್ತಿರುತ್ತದೆ. ಪಿತೃಗಳಿಗೆ ಪಿಂಡ ಹಾಕಿದ ಮೇಲೆ ಅಕ್ಷಯವಟದ ಕೆಳಗೆ ನಿಂತು ಒಂದು ಹಣ್ಣು, ಒಂದು ತರಕಾರಿ, ಒಂದು ಎಲೆ ಇಷ್ಟನ್ನು ಬಿಡಬೇಕು. ಬಿಟ್ಟರೆ ಮುಗಿಯಿತು, ಸಾಯುವವರೆಗೂ ಬಾಯಿಗಿಡುವಂತಿಲ್ಲ. ನಿಜವಾಗಿ ಬಿಡಬೇಕಾದದ್ದು ಇಷ್ಟವಾದ ಪದಾರ್ಥವನ್ನು. ಆದರೆ ಇಷ್ಟವಾದದ್ದನ್ನೇ ಬಿಡಬೇಕೆಂದು ಅಲ್ಲಿಯ ಪುರೋಹಿತ ಪಂಡಾ ಬಾಯಿಬಿಟ್ಟು ಹೇಳಲಿಲ್ಲವಂತೆ. ದೊಡ್ಡಪ್ಪನಿಗೆ ಅಷ್ಟು ಕಿಂಡಿ ಸಾಕಾಯಿತು. ತರಕಾರಿಯಲ್ಲಿ ಹಾಗಲಕಾಯಿ ಬಿಟ್ಟರು. ಹುಟ್ಟಿದಂದಿನಿಂದ ಅದನ್ನು ಕಂಡರೆ ಅವರಿಗಾಗದು. ಎಲೆಯಲ್ಲಿ ಮೆಂತ್ಯದ ಸೊಪ್ಪು ಬಿಟ್ಟರು, ಅದೂ ಕಹಿಯೇ. ಹಣ್ಣಿನಲ್ಲಿ ನೇರಳೆ ಬಿಟ್ಟರು. ನಾಲಗೆ ಒಗರಾಗುತ್ತದೆ, ಪಂಚೆಗೆ ಕಲೆಯಾಗುತ್ತದೆ. ಪಕ್ಕದಲ್ಲಿದ್ದ ದೊಡ್ಡಮ್ಮ ಹಲಸಿನ ಹಣ್ಣು ಬಿಟ್ಟರು. ಹಲಸಿನ ಹಣ್ಣಿನ ತೊಳೆಯೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು. ತರಕಾರಿಯಲ್ಲಿ ಎಳೆ ಬದನೆಕಾಯಿ ಬಿಟ್ಟರು. ಎಲೆಯಲ್ಲಿ ಏನು ಬಿಟ್ಟರೋ ನಾನು ಕೇಳಲಿಲ್ಲ, ಕೇಳಿದರೆ ಹೊಟ್ಟೆ ಉರಿಯುತ್ತಿತ್ತು.

"ನೋಡೇ, ಬುದ್ಧಿವಂತರು ಹೇಗೆ ಬಿಡ್ತಾರೆ, ಪೆದ್ದರು ಹೇಗೆ ಬಿಡ್ತಾರೆ" ಎಂದು ದೊಡ್ಡಪ್ಪ ಆ ಕಥೆಯನ್ನು ನನಗೆ ಹೇಳಿ ಮೀಸೆಯಿಲ್ಲದ ತುಟಿಯ ಮೇಲೆ ಕೈಯಾಡಿಸಿಕೊಂಡರು.

"ಬಿಡೋದು ಅಂದ್ರೆ ಬಿಡೋದು. ಅದರಲ್ಲಿ ವಕೀಲಿಕೆ ಏನು ಬಂತು?" ಎಂದು ದೊಡ್ಡಮ್ಮ ಒಳಗಿನಿಂದಲೇ ಹೇಳಿದರು.

ದೊಡ್ಡಪ್ಪನ ದಿನಚರಿಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಎದ್ದ ಕೂಡಲೇ ಕಾಫಿ. ಪೂಜೆ ಮುಗಿದ ಮೇಲೆ, ದೇವರು ಬೇಗ ಬಿಟ್ಟುಕಳಿಸಿದನಲ್ಲ ಎಂಬ ಸಂತೋಷಕ್ಕೆ ಕಾಫಿ. ಆಫೀಸಿಗೆ ಹೊರಟಾಗ ಬಾಯಿ ಒಣಗದಿರಲೆಂದು ಕಾಫಿ. ಸಂಜೆ ಬರುವಾಗ ಬೀದಿಯ ತುದಿಯ ಉಡುಪಿಯವರ ಹೋಟೆಲಿನಲ್ಲಿ ಬಾದಾಮಿ ಹಲ್ವ. ಅದರ ಸಿಹಿ ಬಾಯಿಂದ ಹೋಗಲೆಂದು ಕಾಫಿ. ಆ ಕಾಫಿಗೂ ಸಕ್ಕರೆ ಎರಡು ಚಮಚ, ಮೇಲೊಂದು ಕೊಸರು. ನಡಿಗೆಯ ಮಾತೆತ್ತಿದರೆ ಅವರಿಗೆ ಅವಮಾನವಾಗುತ್ತಿತ್ತು. "ಸುಮ್ನೆ ಯಾರೇ ನಡೀತಾರೆ? ಬಸ್ಸು ತಪ್ಪಿದವರು, ಇಲ್ಲ ಕೆಲಸ ತಪ್ಪಿದವರು." ಇವತ್ತು ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಕೈಬೀಸಿಕೊಂಡು, ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಸುತ್ತು ಹಾಕುವವರನ್ನು ಅವರು ನೋಡಿದ್ದರೆ ಊರಿನಲ್ಲಿ ಯಾರಿಗೂ ನೌಕರಿ ಉಳಿದಿಲ್ಲವೆಂದು ಮರುಗುತ್ತಿದ್ದರು.

ಹೀಗಿರುವಾಗ ಒಂದು ದಿನ ಹೊಸಲು ಎಡವಿ ಬಲಗಾಲಿನ ಹೆಬ್ಬೆರಳು ಒಡೆಯಿತು. ಎಡವುವುದು ಯಾರಿಗಿಲ್ಲ! ಅರಿಶಿನ ಮೆತ್ತಿದರು, ಕೊಬ್ಬರಿ ಎಣ್ಣೆ ಹಚ್ಚಿದರು, ದೊಡ್ಡಮ್ಮ ಹೊಸಲಿಗೆ ಎರಡು ಹೂ ಹೆಚ್ಚಾಗಿ ಇಟ್ಟು ಸಮಾಧಾನ ಮಾಡಿದರು. ಗಾಯ ಮಾತ್ರ ಒಣಗಲಿಲ್ಲ. ವಾರಗಟ್ಟಲೆ ಹಾಗೇ ಇದ್ದು, ಸುತ್ತ ಕಪ್ಪಾಗತೊಡಗಿದಾಗ ದೊಡ್ಡಮ್ಮ ಅವರನ್ನು ಎಳೆದುಕೊಂಡು ಬೀದಿಯ ಡಾಕ್ಟರ ಹತ್ತಿರ ಹೋದರು. ನಾನೂ ಹೋದೆ. ಡಾಕ್ಟರು ತಮಿಳರು, ದೊಡ್ಡಪ್ಪನ ಬಾಲ್ಯದ ಗೆಳೆಯರು. ಆಗ ಸಕ್ಕರೆ ನೋಡುತ್ತಿದ್ದದ್ದು ಮೂತ್ರದಲ್ಲಿ. ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಮೂತ್ರದ ಕೆಲವು ಹನಿ ಸೇರಿಸಿ, ಪುಟ್ಟ ದೀಪದ ಮೇಲೆ ಕುದಿಸುವುದು. ಬಣ್ಣ ನೀಲಿಯಾಗಿಯೇ ಉಳಿದರೆ ಕ್ಷೇಮ, ಹಸಿರಾದರೆ ಎಚ್ಚರ, ಹಳದಿಯಾದರೆ ಕಷ್ಟ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ದೇವರೇ ಗತಿ. ನಾವು ಮೂವರೂ ನಳಿಗೆಯನ್ನೇ ನೋಡುತ್ತ ಕೂತೆವು. ಅದು ಹಸಿರಿನಲ್ಲಿ ನಿಲ್ಲಲಿಲ್ಲ, ಹಳದಿಯಲ್ಲೂ ನಿಲ್ಲಲಿಲ್ಲ.

"ಅಯ್ಯೋ, ನಮ್ಮನೆ ಹುಳಿ ಬಣ್ಣ ಬಂತಲ್ಲ!" ಎಂದು ದೊಡ್ಡಮ್ಮ ಎದೆ ಹಿಡಿದುಕೊಂಡರು.

ಡಾಕ್ಟರು ಕನ್ನಡಕ ತೆಗೆದು, ಗೆಳೆಯನ ಮುಖ ನೋಡಿ ಮೆಲ್ಲಗೆ ಹೇಳಿದರು: ಈ ಸಲ ಹೇಗೋ ಗಾಯ ಒಣಗಿಸಿ ಕೊಡುತ್ತೇನೆ. ಹೀಗೇ ಮುಂದುವರಿದರೆ ಮುಂದಿನ ಸಲ ಬೆರಳು ತೆಗೆಯಬೇಕಾಗುತ್ತದೆ. ಅದರ ಮುಂದಿನ ಸಲ ಬೆರಳಿಗೆ ನಿಲ್ಲುವುದಿಲ್ಲ. ದೊಡ್ಡಪ್ಪ ಕಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು. ನಾನು ಅವರನ್ನು ಹಾಗೆ ಕಂಡದ್ದು ಅದೇ ಮೊದಲು.

"ದೊಡ್ಡ ಪಥ್ಯ ಏನೂ ಬೇಡ" ಎಂದು ಡಾಕ್ಟರೇ ಧೈರ್ಯ ಹೇಳಿದರು. "ಸಣ್ಣ ಸಣ್ಣದು ಬದಲಾಯಿಸಿಕೋ, ಸಾಕು. ಸಕ್ಕರೆ ಬಿಡು. ದಿನಾ ನಡಿ, ಕ್ಯಾನ್ವಾಸ್ ಶೂ ಹಾಕಿಕೊಂಡು ನಡಿ. ಆಫೀಸಿನ ಕೋಪವನ್ನ ಮನೆಗೆ ತರಬೇಡ. ಊಟಕ್ಕೆ ಪಾವಕ್ಕಾಯ್ ಸೇರಿಸು, ಅದೇ ನಿಮ್ಮ ಹಾಗಲಕಾಯಿ, ಬಹಳ ಒಳ್ಳೇದು. ಮೆಂತ್ಯದ ಸೊಪ್ಪು ಒಳ್ಳೇದು. ನೇರಳೆ ಕಾಲದಲ್ಲಿ ನೇರಳೆ ಹಣ್ಣು ಒಳ್ಳೇದು."

ದೊಡ್ಡಮ್ಮ ಗಂಡನ ಕಡೆ ನಿಧಾನವಾಗಿ ತಿರುಗಿದರು. ದೊಡ್ಡಪ್ಪ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ನನಗೆ ಅಳು ಬರಬೇಕಾದ ಹೊತ್ತಿನಲ್ಲಿ ನಗು ಬಂದು, ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದೆ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. "ಗಯೆಯಲ್ಲಿ ಬಿಟ್ಟದ್ದು. ಅಪ್ಪನಿಗೆ ಪಿಂಡ ಹಾಕಿದ ಕೈಯಲ್ಲಿ ಬಿಟ್ಟದ್ದು. ಬಾಯಿಗಿಟ್ರೆ ಅವರ ಗತಿ ಏನಾಗ್ಬೇಕು?" ಎಂದರು ದೊಡ್ಡಪ್ಪ. ಇದು ನೆಪವಲ್ಲ ಎಂಬುದೇ ಕಷ್ಟವಾಗಿತ್ತು. ಬಿಡುವಾಗ ಕಿಂಡಿ ಹುಡುಕಿದ ಮನುಷ್ಯ, ಬಿಟ್ಟ ಮೇಲೆ ಅದಕ್ಕೆ ನಿಜವಾಗಿ ಅಂಜುತ್ತಿದ್ದರು. ಹಾಗಲಕಾಯಿ ಹಚ್ಚಿದ ಮಣೆಯ ಮೇಲೆ ಬೇರೆ ತರಕಾರಿ ಹಚ್ಚಿದರೂ ಊಟ ಬಿಟ್ಟು ಏಳುತ್ತಿದ್ದರು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಇದೆ. ಇವರ ಪಾಲಿಗೆ ಮಾಡಿದ್ದನ್ನು ಉಣ್ಣಲಿಕ್ಕೂ ಆಗದ ಸ್ಥಿತಿ ಬಂದಿತ್ತು. ದೊಡ್ಡಮ್ಮ ನಮ್ಮ ಪುರೋಹಿತರಾದ ಗುಂಡಾಚಾರ್ಯರನ್ನು ಕರೆಸಿ, ಪ್ರಾಯಶ್ಚಿತ್ತ ಮಾಡಿಕೊಂಡು ಹಾಗಲಕಾಯಿ ತಿನ್ನಬಹುದೇ ಎಂದು ಕೇಳಿದರು. ಆಚಾರ್ಯರು ಬಹಳ ಹೊತ್ತು ಕಣ್ಣುಮುಚ್ಚಿ, "ಬಿಟ್ಟದ್ದು ಬಿಟ್ಟದ್ದೇ" ಎಂದು ಕಣ್ಣುಬಿಟ್ಟರು.

"ಸರಿ. ತಿನ್ನೋಕಾಗಲ್ಲ. ಹಾಗಾದ್ರೆ ಬಿಡೋದನ್ನಾದ್ರೂ ಬಿಡಿ" ಎಂದು ದೊಡ್ಡಮ್ಮ ಸಕ್ಕರೆಗೆ ಬಂದರು. "ಏನ್ರೀ, ಕಾಫಿ ಪೋರುಂ, ಸಾಕು." "ಏನ್ರೀ, ಹೋಟೆಲಿನ ಬೀದಿಲಿ ಬರಬೇಡಿ, ಸುತ್ತಿಕೊಂಡು ಬನ್ನಿ." "ಏನ್ರೀ, ಶೂ ತಂದಿಟ್ಟು ಎಷ್ಟು ದಿನ ಆಯ್ತು, ಅದರಲ್ಲಿ ಜಿರಳೆ ಸಂಸಾರ ಹೂಡಿದೆ." ಬೆಳಗಿನಿಂದ ಮಲಗುವವರೆಗೆ ಹೇಳಿದ್ದೇ ಹೇಳಿದ್ದು. ದೊಡ್ಡಪ್ಪನಿಗೆ ಇದರಿಂದ ಒಂದು ದೊಡ್ಡ ಅನುಕೂಲವಾಯಿತು. ಹೇಳುವ ಕೆಲಸ ಹೆಂಡತಿಯದು, ತಪ್ಪಿಸಿಕೊಳ್ಳುವ ಕೆಲಸ ತಮ್ಮದು ಎಂದು ಪಾಲಾಗಿಹೋಯಿತು. ಬೆರಳಿನ ಯೋಚನೆ ಯಾರ ಪಾಲಿಗೂ ಬರಲಿಲ್ಲ. "ಗಯೆಯಲ್ಲಿ ಬಿಟ್ಟದ್ದನ್ನ ಬಿಟ್ಟಿಲ್ವೇ ನಾನು? ಬಿಡೋದಿದ್ರೆ ತೀರ್ಥಕ್ಷೇತ್ರದಲ್ಲಿ ಬಿಡಬೇಕು. ಅಡುಗೆಮನೆ ಹೊಸಲಲ್ಲಿ ನೀನು ಬಿಡು ಅಂದ್ರೆ ಬಿಡೋಕೆ ನೀನೇನು ಪಂಡಾನಾ?" ಎಂದು ಕಾನೂನು ಹೇಳಿಬಿಟ್ಟರು.

ದೊಡ್ಡಮ್ಮ ಮೂರನೇ ಕ್ಲಾಸು ಓದಿದವರು. ಆ ದಿನ ಸಂಜೆ ನಾನು ಪಾಠದ ನಕ್ಷೆ ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತರು.

"ಏ ಹುಡುಗಿ, ಆ ಗಯೆ ನದಿ ಎಲ್ಲಿಗೆ ಹೋಗುತ್ತೇ?"

"ಫಲ್ಗು ನದಿನಾ? ಅದು ಸುತ್ತಿ ಬಳಸಿ ಗಂಗೆಗೆ ಸೇರುತ್ತೆ, ದೊಡ್ಡಮ್ಮ."

"ಗಂಗೆ?"

"ಬಂಗಾಳ ಕೊಲ್ಲಿಗೆ."

"ನಮ್ಮ ಬೀಚಿದೆಯಲ್ಲ, ಅದ್ಯಾವ ಸಮುದ್ರ?"

"ಅದೂ ಬಂಗಾಳ ಕೊಲ್ಲಿನೇ" ಎಂದು ಹೇಳಿ ತಲೆಯೆತ್ತಿದರೆ ದೊಡ್ಡಮ್ಮ ನಕ್ಷೆಯ ಮೇಲೆ ಬೆರಳಿಟ್ಟು, ಗಯೆಯಿಂದ ಮದರಾಸಿನವರೆಗೆ ನೀರು ಹರಿಸುತ್ತಿದ್ದರು. ನನ್ನ ಶಾಲೆಯ ಹುಡುಗಿಯರಲ್ಲಿ ಒಬ್ಬಳೂ ಭೂಗೋಳವನ್ನು ಅಷ್ಟು ಶ್ರದ್ಧೆಯಿಂದ ಕಲಿತದ್ದಿಲ್ಲ.

ಮರುದಿನ ಗುಂಡಾಚಾರ್ಯರನ್ನು ಮತ್ತೆ ಕರೆಸಿದರು. ಗಂಗೆ ಬಂದು ಸೇರುವ ಸಮುದ್ರ ನಮ್ಮ ಮನೆಯಿಂದ ಕೂಗಳತೆಯಲ್ಲಿದ್ದ ಮೇಲೆ ಅಲ್ಲಿ ಬಿಟ್ಟದ್ದು ಬಿಟ್ಟಂತೆಯೋ ಅಲ್ಲವೋ ಎಂದು ಗಂಡನ ಎದುರಿಗೇ ಕೇಳಿದರು. ಆಚಾರ್ಯರು ಈ ಸಲ ಕಣ್ಣುಮುಚ್ಚುವ ಮೊದಲೇ ದೊಡ್ಡಮ್ಮನ ಮುಖ ನೋಡಿದರು. ನೋಡಿದ್ದು ಒಳ್ಳೆಯದಾಯಿತು. "ಧಾರಾಳವಾಗಿ. ಆದರೆ ಸಮುದ್ರವನ್ನ ಪರ್ವಕಾಲದಲ್ಲಿ ಮಾತ್ರ ಮುಟ್ಟಬಹುದು. ಅಮಾವಾಸ್ಯೆ, ಹುಣ್ಣಿಮೆ ಸ್ನಾನ ಮಾಡಿ ಸಂಕಲ್ಪ ಮಾಡಿ ಬಿಡಲಿ. ಮಿಕ್ಕ ದಿನ ಮುಟ್ಟಕೂಡದು. ದರ್ಶನ ಮಾಡಬಹುದು. ದಿನಾ ದರ್ಶನ ಬಹಳ ವಿಶೇಷ" ಎಂದರು. ಆ ಕೊನೆಯ ವಾಕ್ಯಕ್ಕೆ ದೊಡ್ಡಮ್ಮ ಅವರಿಗೆ ತೆಂಗಿನಕಾಯಿಯ ಜೊತೆಗೆ ಒಂದು ಚಿಪ್ಪು ಬಾಳೆಹಣ್ಣನ್ನೂ ಕೊಟ್ಟು ಕಳಿಸಿದರು.

ಹೀಗೆ ನಡಿಗೆಗೆ ನಡಿಗೆಯೆಂಬ ಹೆಸರಿಲ್ಲದೆ ಅದು ಶುರುವಾಯಿತು. ಗಾಯ ಒಣಗಿದ ಮೇಲೆ ಮುಂಜಾನೆ ದೊಡ್ಡಪ್ಪ ಕಚ್ಚೆಪಂಚೆ, ಹಣೆಯ ಮೇಲೆ ಅಂಗಾರ ಅಕ್ಷತೆ, ಕಾಲಿಗೆ ಬಿಳೀ ಕ್ಯಾನ್ವಾಸ್ ಶೂ ತೊಟ್ಟು ಸಮುದ್ರ ದರ್ಶನಕ್ಕೆ ಹೊರಟರೆ ಬೀದಿಯ ಹಾಲಿನವರು ಎಮ್ಮೆಯ ಕೆಚ್ಚಲು ಬಿಟ್ಟು ನೋಡುತ್ತಿದ್ದರು. ಮೊದಮೊದಲು ದೊಡ್ಡಪ್ಪ ದೂರದಿಂದಲೇ ನೀಲಿ ಗೆರೆ ಕಂಡ ಕೂಡಲೇ ಕೈಮುಗಿದು, "ದರ್ಶನ ಆಯ್ತು" ಎಂದು ತಿರುಗಿಬಿಡಲು ನೋಡಿದರು. "ಗರ್ಭಗುಡಿ ಮುಂದೆ ನಿಲ್ಲದೆ ಗೋಪುರ ನೋಡಿ ಬರ್ತೀರಾ?" ಎಂದು ದೊಡ್ಡಮ್ಮ ಮುಂದೆ ನಡೆಯುತ್ತಿದ್ದರು. ಬರಬರುತ್ತ ದೊಡ್ಡಪ್ಪನಿಗೆ ಅದು ಹಿಡಿಸತೊಡಗಿತು. ಆದರೆ ಒಪ್ಪಿಕೊಂಡರೆ ಕೇಸು ಸೋತಂತೆ. ರಾತ್ರಿ ಗೊರಕೆ ಹದವಾಯಿತು. ಆಫೀಸಿನ ಕೋಪವನ್ನು ಹೇಳಿಕೊಳ್ಳಲು ಬೆಳಿಗ್ಗೆ ಅಷ್ಟು ದೊಡ್ಡ ಸಮುದ್ರ ಸಿಕ್ಕಿದ್ದರಿಂದಲೋ ಏನೋ, ಸಂಜೆ ಮನೆಗೆ ಬಂದು ತಟ್ಟೆ ಕುಕ್ಕುವುದು ಕಡಿಮೆಯಾಯಿತು. "ಸಮುದ್ರ ರಾಜನ ಮುಂದೆ ನಮ್ಮ ವಕೀಲ ಯಾವ ಮೂಲೆ!" ಎಂದು ಒಂದು ದಿನ ಅವರೇ ಹೇಳಿದರು.

ಬಿಡುವ ವಿಷಯಕ್ಕೆ ಬಂದಾಗ ಮಾತ್ರ ಹಳೆಯ ಗುಮಾಸ್ತರೇ. ಮೊದಲ ಅಮಾವಾಸ್ಯೆ ಸೊಂಟದವರೆಗೆ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ನೀರು ತುಂಬಿ, ಗಂಭೀರವಾಗಿ ಚುರುಟು ಬಿಟ್ಟರು. ಅವರು ಜನ್ಮದಲ್ಲಿ ಚುರುಟು ಮುಟ್ಟಿದವರಲ್ಲ. ಹುಣ್ಣಿಮೆಗೆ ನಶ್ಯ ಬಿಟ್ಟರು. ಅದು ಅವರ ವಕೀಲರ ಚಟ. ಮುಂದಿನ ಅಮಾವಾಸ್ಯೆಗೆ ಕುದುರೆ ಜೂಜು ಬಿಟ್ಟರು. ಹುಣ್ಣಿಮೆಗೆ ಇನ್ನೇನು ಬಿಡಬಹುದೆಂದು ವಾರದ ಮೊದಲೇ ಹುಡುಕಾಟ ನಡೆಸಿ, ನನ್ನ ಹತ್ತಿರ ಬಂದು, "ಯಾಕೇ, ಐಸ್‌ಕ್ರೀಂ ಅಂತಾರಲ್ಲ, ಅದನ್ನ ನಾನು ಯಾವತ್ತಾದ್ರೂ ತಿಂದದ್ದುಂಟೇ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು. ದಡದಲ್ಲಿ ಒಣ ಪಂಚೆ ಹಿಡಿದು ನಿಂತಿರುತ್ತಿದ್ದ ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಡಾಕ್ಟರ ನಳಿಗೆ ಹುಳಿಯಿಂದ ಸಾರಿನ ಬಣ್ಣಕ್ಕೆ ಇಳಿದು ಅಲ್ಲೇ ಕೂತಿತ್ತು. ನಡಿಗೆಯಿಂದ ಅಷ್ಟು, ಇನ್ನು ಸಕ್ಕರೆ ಬಿಡದೆ ಇದು ಕೆಳಗಿಳಿಯದು ಎಂದರು ಡಾಕ್ಟರು. ಆ ಹೆಬ್ಬೆರಳಿನ ತುದಿ ಈಗ ಜೋಮು ಹಿಡಿಯತೊಡಗಿತ್ತು. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಅದನ್ನು ದೊಡ್ಡಮ್ಮ ನನ್ನೊಬ್ಬಳ ಹತ್ತಿರ ಹೇಳಿ, ಅಡುಗೆಮನೆಯಲ್ಲಿ ಕೂತು ಅತ್ತರು. "ನಾನು ಹೇಳಿ ಹೇಳಿ ಅವರ ಕಿವಿ ಜೋಮು ಹಿಡಿದಿದೆ ಕಣೇ" ಎಂದರು.

ಆ ಹುಣ್ಣಿಮೆ ದೊಡ್ಡಪ್ಪ ಐಸ್‌ಕ್ರೀಂ ಬಿಟ್ಟು, ಗೆದ್ದವರ ಹಾಗೆ ನಗುತ್ತ ದಡಕ್ಕೆ ಬಂದರು. ದೊಡ್ಡಮ್ಮ ಒಣ ಪಂಚೆಯನ್ನು ನನ್ನ ಕೈಗೆ ಕೊಟ್ಟು, "ಇವತ್ತು ನಾನೂ ಒಂದು ಬಿಡ್ತೀನಿ" ಎಂದು ನೀರಿಗಿಳಿದರು. ಹದಿನೆಂಟು ಮೊಳದ ಸೀರೆ ನೀರಿನಲ್ಲಿ ಉಬ್ಬಿತು. ಬೊಗಸೆ ಎತ್ತಿ, ಗಂಡನಿಗೆ ಕೇಳಿಸುವ ಹಾಗೆ ಹೇಳಿದರು:

"ಇವರಿಗೆ ಹೇಳೋದನ್ನ ಬಿಟ್ಟೆ. ತಿನ್ನಬೇಡಿ ಅಂತ, ನಡೀರಿ ಅಂತ, ಸಾಕು ಅಂತ. ಇನ್ನು ನನ್ನ ಬಾಯಲ್ಲಿ ಬರಲ್ಲ. ಬಿಟ್ಟೆ."

ನೀರು ಸುರಿದು, ಒಂದು ಮುಳುಗು ಹಾಕಿ ಎದ್ದುಬಂದರು. ದೊಡ್ಡಪ್ಪ ನಗಲು ನೋಡಿದರು. "ಅಪ್ಪಾಡಾ! ನನಗಿನ್ನು ಸ್ವಾತಂತ್ರ್ಯ ಬಂತು" ಎಂದರು. ಆದರೆ ಅವರ ಕಣ್ಣು ಹೆಂಡತಿಯ ಮುಖದ ಮೇಲೆಯೇ ಇತ್ತು. ಈ ಹೆಂಗಸು ಗಯೆಯಿಂದ ಬಂದ ಮೇಲೆ ಒಂದು ತೊಳೆ ಹಲಸನ್ನು ಮೂಸಿ ನೋಡಿದವಳಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮನೆ ಆಗ ಹೇಗಾಯಿತೆಂದು ಹೇಗೆ ಹೇಳಲಿ? ದೊಡ್ಡಮ್ಮ ಮುನಿಸಿಕೊಂಡದ್ದಲ್ಲ. ಮಾತಾಡುತ್ತಿದ್ದರು, ನಗುತ್ತಿದ್ದರು, ಪಕ್ಕದ ಮನೆಯ ಸೊಸೆಯ ಸುದ್ದಿ ಹೇಳುತ್ತಿದ್ದರು. ದೊಡ್ಡಪ್ಪ ಕಾಫಿ ಕೇಳಿದರೆ ಕಾಫಿ, ಸಕ್ಕರೆ ಕೇಳಿದರೆ ಡಬ್ಬಿ. ಅವರು ಎರಡು ಚಮಚ ಹಾಕಿಕೊಂಡು ಕಾಯುತ್ತಿದ್ದರು. ಮೂರನೆಯದನ್ನು ಡಬ್ಬಿಯ ಮೇಲೆ ಎತ್ತಿ ಹಿಡಿದು, ಅದು ನಡುಗುವವರೆಗೂ ಕಾಯುತ್ತಿದ್ದರು. ದೊಡ್ಡಮ್ಮ ಹೂ ಕಟ್ಟುತ್ತ ಕೂತಿರುತ್ತಿದ್ದರು. ಜಗಳಕ್ಕೆ ಎದುರಾಳಿಯೇ ಇಲ್ಲದಿದ್ದರೆ ಕಿಂಡಿ ಇದ್ದು ಏನು ಪ್ರಯೋಜನ?

ಎದುರು ಮನೆಯ ಮದುವೆಯ ಊಟ ಬಂತು. ಗಂಡಸರದೊಂದು ಪಂಕ್ತಿ, ಎದುರಿಗೆ ಹೆಂಗಸರದು. ಮೊದಲೆಲ್ಲ ಇಂಥ ಊಟದಲ್ಲಿ ಸಿಹಿಯ ಪಾತ್ರೆ ದೊಡ್ಡಪ್ಪನ ಎಲೆಯ ಹತ್ತಿರ ಬಂದರೆ ಎದುರು ಸಾಲಿನಿಂದ ದೊಡ್ಡಮ್ಮ ಕೆಮ್ಮುತ್ತಿದ್ದರು. ಆ ಕೆಮ್ಮು ನಮ್ಮ ಬೀದಿಯಲ್ಲಿ ಪ್ರಸಿದ್ಧ. ಬಡಿಸುವವರು ಅದನ್ನು ಕೇಳಿ ತಾವಾಗಿಯೇ ಮುಂದೆ ಹೋಗುತ್ತಿದ್ದರು, ದೊಡ್ಡಪ್ಪ "ಹಾಕಪ್ಪಾ, ಅವಳಿಗೆ ನೆಗಡಿ" ಎಂದು ಹಿಂದಕ್ಕೆ ಕರೆಯುತ್ತಿದ್ದರು. ಆ ದಿನ ಬಿಸಿ ಜಿಲೇಬಿ ಬಂತು. "ಹಾಕಲೇ ರಾಯರೇ?" ಎಂದು ಬಡಿಸುವವರು ಬಗ್ಗಿದರು. ದೊಡ್ಡಪ್ಪ ಎದುರು ಸಾಲು ನೋಡಿದರು. ದೊಡ್ಡಮ್ಮ ತಮ್ಮ ಎಲೆಯ ಕೋಸಂಬರಿಯನ್ನೇ ನೋಡುತ್ತಿದ್ದರು. ಬಡಿಸುವವರೂ ಎದುರು ಸಾಲು ನೋಡಿದರು. ಕೆಮ್ಮಿಲ್ಲ. ಜಿಲೇಬಿಯ ಪಾಕ ಸೌಟಿನಿಂದ ತೊಟ್ಟಿಕ್ಕುತ್ತಿತ್ತು. ದೊಡ್ಡಪ್ಪ ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು, ಸಾಕ್ಷಿಕಟ್ಟೆಯಲ್ಲಿ ನಿಂತವರ ದನಿಯಲ್ಲಿ, "ಬೇಡ" ಎಂದರು. ಪಂಕ್ತಿಯಲ್ಲಿದ್ದವರೆಲ್ಲ ತುತ್ತು ನಿಲ್ಲಿಸಿ ನೋಡಿದರು.

ಮನೆಗೆ ಬಂದ ಕೂಡಲೇ ಕೂಗಾಡಿದರು. "ಒಂದು ಕೆಮ್ಮು ಕೆಮ್ಮಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಎಲ್ಲಾ ನಾನೇ ನೋಡ್ಕೋಬೇಕಾ?"

"ಕೆಮ್ಮೂ ಹೇಳಿದ ಹಾಗೇ ತಾನೇ?" ಎಂದು ದೊಡ್ಡಮ್ಮ ಸೀರೆ ಮಡಿಸಿಟ್ಟರು.

ಮುಂದಿನ ಅಮಾವಾಸ್ಯೆಯ ದಿನ ಅಲೆ ಜೋರಾಗಿತ್ತು. ದೊಡ್ಡಪ್ಪ ನೀರಿನಲ್ಲಿ ನಿಂತು ಬೊಗಸೆ ತುಂಬಿದರು. ಬಾಯಿ ತೆರೆಯುವ ಹೊತ್ತಿಗೆ ಅಲೆ ಬಂದು ತಳ್ಳಿತು. ಮತ್ತೆ ತುಂಬಿದರು, ಮತ್ತೆ ತಳ್ಳಿತು. ಸಮುದ್ರಕ್ಕೂ ಅವರ ಮಾತಿನಲ್ಲಿ ನಂಬಿಕೆ ಹೋಗಿತ್ತೆಂದು ಕಾಣುತ್ತದೆ. ಕೊನೆಗೆ ಉಪ್ಪುನೀರು ಉಗುಳಿ, ಕಣ್ಣು ಮುಚ್ಚಿ, "ಸಕ್ಕರೆ. ಕಾಫಿಯದು. ಆಮೇಲೆ ಆ ಹಲ್ವ" ಎಂದರು. ಸ್ವಲ್ಪ ತಡೆದು, "ನನಗೆ ಬಹಳ ಇಷ್ಟ ಅದು" ಎಂದು ಸೇರಿಸಿದರು, ಸಮುದ್ರ ರಾಜನಿಗೆ ಗೊತ್ತಿರಲೆಂದು. ದೊಡ್ಡಮ್ಮ ಒಣ ಪಂಚೆಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಅದೇ ಒದ್ದೆ ಪಂಚೆಯಲ್ಲಿ ಗಂಡನ ತಲೆ ಒರೆಸಿದರು.

ಡಾಕ್ಟರ ನಳಿಗೆ ಮೆಲ್ಲಮೆಲ್ಲನೆ ಕೊತ್ತಂಬರಿ ಚ‌ಟ್ನಿಯ ಬಣ್ಣಕ್ಕೆ ಬಂತು. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, ಕುದಿಸಿದರೂ ಕುದಿಸಿದರೂ ನೀಲಿಯಾಗಿಯೇ ಉಳಿಯಿತು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾವ ಅಡುಗೆ ಬಣ್ಣವೂ ಅಲ್ಲವಲ್ಲ, ಡಾಕ್ಟ್ರೇ!" ಎಂದು ಗಾಬರಿಯಾದರು. ಡಾಕ್ಟರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು.

ಅಲ್ಲಿಗೆ ಸುಖಾಂತ ಎಂದು ನೀವು ಏಳಬೇಡಿ. ದೊಡ್ಡಪ್ಪನಿಗೆ ಬೇರೆಯೇ ಕೊರಗು ಹತ್ತಿಕೊಂಡಿತ್ತು. ನನಗೆ ಮದುವೆಯಾಗಿ, ಅರವತ್ತರ ದಶಕದ ನಡುವೆ ಒಮ್ಮೆ ಆ ಮನೆಗೆ ಹೋದಾಗ, ಜಗಲಿಯ ಮೇಲೆ ಸಕ್ಕರೆಯಿಲ್ಲದ ಕಾಫಿ ಹಿಡಿದು ಕೂತ ದೊಡ್ಡಪ್ಪ ಹೆಂಡತಿಯನ್ನು ಗೋಗರೆಯುತ್ತಿದ್ದರು.

"ಒಂದೇ ಒಂದು ಸಲ ಹೇಳೇ. 'ಏನ್ರೀ, ಪೋರುಂ' ಅಂತ. ಕೇಳಿ ಎಷ್ಟು ವರ್ಷ ಆಯ್ತು."

"ಸಮುದ್ರಕ್ಕೆ ಬಿಟ್ಟದ್ದು."

"ನೀನು ಹೇಳಲ್ಲ ಅಂದ್ರೆ ನಾನು ಹಾಗಲಕಾಯಿ ತಿಂದುಬಿಡ್ತೀನಿ, ನೋಡು."

"ನಿಮ್ಮಿಷ್ಟ" ಎಂದು ದೊಡ್ಡಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡರು. ದೊಡ್ಡಪ್ಪ ಹಾಗಲಕಾಯಿ ತಿನ್ನಲಿಲ್ಲ. ದೊಡ್ಡಮ್ಮ ಹೇಳಲಿಲ್ಲ. ಇಬ್ಬರೂ ಮೊಂಡರು, ಇಬ್ಬರಿಗೂ ಬೆಳಿಗ್ಗೆ ಸಮುದ್ರ ತಪ್ಪಲಿಲ್ಲ.

ಬಹಳ ವರ್ಷ ಬದುಕಿದರು ದೊಡ್ಡಪ್ಪ. ಒಂದು ದಿನ ಮುಂಜಾನೆ ದರ್ಶನ ಮುಗಿಸಿ ಬಂದು, ಶೂ ಬಿಚ್ಚಿಟ್ಟು, ಜಗಲಿಯ ಮೇಲೆ ಒರಗಿದವರು ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ನಡುಮನೆಯಲ್ಲಿ ಮಲಗಿಸಿದ್ದರು. ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಬೇಕಲ್ಲ, ಯಾರೋ ದಾರ ತಂದರು. ಅಲ್ಲಿಯವರೆಗೆ ಕಂಬಕ್ಕೊರಗಿ ಸುಮ್ಮನೆ ಕೂತಿದ್ದ ದೊಡ್ಡಮ್ಮ ಮುಂದೆ ಬಂದು, ಬಲಗಾಲಿನ ಬೆರಳನ್ನು ಕೈಯಲ್ಲಿ ಹಿಡಿದು ಸವರಿದರು.

"ಮೆತ್ತಗೆ ಕಟ್ಟಿ" ಎಂದರು. "ಈ ಬೆರಳು ಬಹಳ ಕಷ್ಟಪಟ್ಟಿದೆ."

ಅದನ್ನು ನೆನೆಯುತ್ತ ಲೋಟವನ್ನು ತುಟಿಯವರೆಗೆ ತಂದು ಮತ್ತೆ ಕೆಳಗಿಟ್ಟೆ. ನಾನು ಗಯೆಗೆ ಹೋದವಳಲ್ಲ, ಹಾಗಲಕಾಯಿ ಬಿಟ್ಟವಳೂ ಅಲ್ಲ. ತಪ್ಪಿಸಿಕೊಳ್ಳಲು ನನಗೊಂದು ಕಿಂಡಿಯೂ ಇಲ್ಲ. ಒಳಗೆ ಮಾಲತಿಯ ಬೀರು ಮುಚ್ಚಿದ ಸದ್ದಾಯಿತು, ಚಪ್ಪಲಿ ಮೆಟ್ಟಿದ ಸದ್ದಾಯಿತು. ಇವಳೂ ಎಲ್ಲಾದರೂ ಹೋಗಿ ಹೇಳುವುದನ್ನು ಬಿಟ್ಟುಬಂದಿದ್ದರೆ? ಶನಿವಾರ ಬೀಚಿಗೆ ಹೋಗಿದ್ದಳಲ್ಲ! ಯೋಚನೆ ಬಂದದ್ದೇ ತಡ, ಮೂಗು ಹಿಡಿದುಕೊಂಡು ಒಂದೇ ಗುಟುಕಿಗೆ ಕುಡಿದುಬಿಟ್ಟೆ. ಕಣ್ಣಿನಲ್ಲಿ ನೀರು ಬಂತು. ಪೂರ್ವಜರೆಲ್ಲ ಕಣ್ಣ ಮುಂದೆ ಬಂದು ಹೋದರು.

"ಮಾಲತೀ" ಎಂದು ಬಾಗಿಲವರೆಗೆ ಓಡಿದೆ. "ಕುಡಿದೆ ಕಣೇ. ಏನಾದ್ರೂ ಹೇಳಿ ಹೋಗು."

ಅವಳು ಮೊದಲು ಬಾಲ್ಕನಿಯ ಕರಿಬೇವಿನ ಕುಂಡದ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿ, "ಅತ್ತೆ, ನಾಲಗೆ ತೋರ್ಸಿ" ಎಂದಳು.

ತೋರಿಸಿದೆ. ಈ ವಯಸ್ಸಿನಲ್ಲಿ, ಲಿಫ್ಟಿನ ಎದುರು ನಿಂತು, ಹಸಿರು ನಾಲಗೆಯನ್ನು ಉದ್ದಕ್ಕೆ ಚಾಚಿ ತೋರಿಸಿದೆ. ಅವಳ ತುಟಿ ಅದುರಿತು, ನಗು ಒಡೆಯಿತು, ಅದರ ಬೆನ್ನಿಗೇ ಕಟ್ಟೆ ಒಡೆಯಿತು. "ಅರ್ಧ ಸೀರೆ ಮೇಲೇ ಇದೆ, ನೋಡ್ಕೊಳ್ಳಿ! ಮಧ್ಯಾಹ್ನ ಅನ್ನ ಕೊಂಚ ಸಾಕು. ಆ ಜಾಮೂನ್ ಡಬ್ಬಿ ಎಲ್ಲಿಟ್ಟಿದೀರಿ ಅಂತ ನನಗೆ ಗೊತ್ತು, ದೇವರ ಗೂಡಿನ ಹಿಂದೆ ಅಲ್ವಾ? ಸಂಜೆ ಬಂದು ನೋಡ್ತೀನಿ. ಸಾಯಂಕಾಲ ಇಬ್ಬರೂ ನಡಿಯೋಕೆ ಹೋಗೋಣ, ನೆಪ, ಸಾಕ್ಕು ಏನೂ ಹೇಳ್ಬೇಡಿ…"

ಲಿಫ್ಟಿನ ಬಾಗಿಲು ಮುಚ್ಚಿತು. ಕೆಳಗಿಳಿಯುತ್ತಲೇ ಅವಳು ಬೈಯುವುದು ಕೇಳಿಸುತ್ತಿತ್ತು. ನಾನು ಬಾಗಿಲಿಗೆ ಒರಗಿ, ಅದು ನಿಲ್ಲುವವರೆಗೂ ಕೇಳಿಸಿಕೊಂಡೆ.